ಬೀಜ ಅಂದ್ರೆ ಯಾವ ಬೀಜ?

ಮಂಗಳೂರಿಗೆ ಬಂದ ಹೊಸತರಲ್ಲಿ ಅಂಗಡಿಗೆ ಹೋಗಿ "ಕಾಲು ಕೆಜಿ ಬೀಜ ಕೊಡಿ" ಅಂದೆ. ಚಿತ್ರಾನ್ನಕ್ಕೆ ಕಡ್ಲೆಬೀಜ ಬೇಕಿತ್ತು ಅಷ್ಟೇ. ಅಂಗಡಿಯವರು ತೂಗಿಕೊಟ್ಟಿದ್ದು ಗೋಡಂಬಿ! ಬೆಲೆ ಕೇಳಿದ ಮೇಲೇ ನನಗೆ ಗೊತ್ತಾಗಿದ್ದು, ಇಲ್ಲಿ ಸುಮ್ನೆ ಬೀಜ ಅಂದ್ರೆ ಗೇರುಬೀಜ. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗಿಡ, ಈಗ ಆ ಹೆಸರೇ ಅದರದ್ದಾಗಿಬಿಟ್ಟಿದೆ.

ಆಮೇಲಿಂದ ಈ ಪದ ತಲೆಯಲ್ಲೇ ಸುತ್ತುತ್ತಿದೆ. ಮಾವಿನಹಣ್ಣಿನ ಒಳಗಿರುವುದನ್ನು ನಾವು ಬೀಜ ಅನ್ನುವುದೇ ಕಡಿಮೆ, ಅದು ವಾಟೆ, ಇಲ್ಲಾ ಗೊರಟ. ಊರಿನಲ್ಲಿ ಬೀಜದ ಹೋರಿ ಅಂದ್ರೆ ಹಸುಗಳಿಗೆ ಬಿಡುವ ಹೋರಿ. ಪೂಜೆಗೆ ಕೂತವರಿಗೆ ಬೀಜಾಕ್ಷರ. ಸ್ಕೂಲಿನಲ್ಲಿ ನನ್ನನ್ನು ಅಳಿಸಿದ್ದು ಬೀಜಗಣಿತ, ಭಾಸ್ಕರಾಚಾರ್ಯರು 1150ರಲ್ಲೇ ಬರೆದಿಟ್ಟಿದ್ದರಂತೆ, ಅವರಿಗೆ ಬೇರೆ ಕೆಲಸ ಇರಲಿಲ್ವಾ ಅನ್ನಿಸುತ್ತಿತ್ತು!

ನನಗೆ ಜಾಸ್ತಿ ಇಷ್ಟ ಹುಣಸೆ ಬೀಜ. ಬೇಸಿಗೆ ರಜೆಯಲ್ಲಿ ಅಜ್ಜಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು, ನಾವು ಅದರಲ್ಲಿ ದಪ್ಪನೆಯವನ್ನು ಆರಿಸಿಕೊಂಡು, ಹಿತ್ತಲಿನ ಒಗೆಯೋ ಕಲ್ಲಿಗೆ ಒಂದು ಮೈ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ ಚೌಕಾಬಾರಕ್ಕೆ ದಾಳ ಮಾಡಿಕೊಳ್ಳುತ್ತಿದ್ದೆವು. ಉಜ್ಜಿದಾಗ ಬೀಜ ಎಷ್ಟು ಬಿಸಿಯಾಗುತ್ತಿತ್ತೆಂದರೆ, ಪಕ್ಕದಲ್ಲಿ ಕೂತವರ ಕೈಗೆ ಚುರ್ ಅಂತ ಮುಟ್ಟಿಸಿ ಓಡುವುದೇ ಒಂದು ಆಟ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರ, ಎಂಟು ಮನೆ.

ಹಾಂ, ಅವತ್ತು ಆ ಗೋಡಂಬಿ ವಾಪಸ್ ಕೊಡಲು ನಾಚಿಕೆಯಾಗಿ ಹಾಗೇ ತಂದೆ. ಚಿತ್ರಾನ್ನಕ್ಕೆ ಅದನ್ನೇ ಹಾಕಿದೆ.