ಗೊದ್ದದ ರಾಣಿಗೆ ಕತ್ತಲೆ ಕೊಡಿ, ಸಕ್ಕರೆ ಬೇಡ

ಮುಂಗಾರಿನ ಜೋರು ಮಳೆ ಬಿದ್ದ ಮೇಲೆ ಸಕಲೇಶಪುರ, ಮೂಡಿಗೆರೆ ಕಡೆ ಅಂಗಳದಲ್ಲಿ ರೆಕ್ಕೆ ಉದುರಿಸಿಕೊಂಡ ದಪ್ಪ ಗೊದ್ದ (ದೊಡ್ಡ ಕಪ್ಪಿರುವೆ) ಓಡಾಡುತ್ತಿದ್ದರೆ ಅದು ಬಹುಪಾಲು ಗಂಡಿನೊಡನೆ ಕೂಡಿದ ರಾಣಿ. ರೆಕ್ಕೆ ಇದ್ದದ್ದನ್ನು ಹಿಡಿಯಬೇಡಿ, ಇನ್ನೂ ಕೂಡಿರಲಿಕ್ಕಿಲ್ಲ.

ಮಣ್ಣಿನಲ್ಲಾದರೆ ಅದು ಸಣ್ಣ ಗೂಡು ತೋಡಿ, ಗೂಡಿನ ಬಾಯಿ ಮುಚ್ಚಿಕೊಂಡು ವಾರಗಟ್ಟಲೆ ಒಂಟಿಯಾಗಿ ಕೂರುತ್ತದೆ. ಮೇವಿಗೆಂದು ಹೊರಗೆ ಬರುವುದಿಲ್ಲ. ಹಾರಲು ಬೇಕಿದ್ದ ಎದೆಯ ಸ್ನಾಯು ಕರಗಿ, ಮೈಯ ಕೊಬ್ಬಿನ ಜೊತೆ ಮೊದಲ ಮರಿಹುಳುಗಳ ಆಹಾರವಾಗುತ್ತದೆ. ಮೊದಲ ಕೆಲಸಗಾರ ಇರುವೆಗಳು ಸಣಕಲಾಗಿರುವುದು ಈ ಅಳತೆಯ ಬುತ್ತಿಯಿಂದಲೇ.

ಸಾಕುವುದಿದ್ದರೆ 15 ಸೆಂ.ಮೀ. ಉದ್ದದ ಗಾಜಿನ ಟೆಸ್ಟ್ ಟ್ಯೂಬ್ ಸಾಕು. ಮೂರನೇ ಒಂದು ಭಾಗ ನೀರು ತುಂಬಿ, ಔಷಧಿ ಹಾಕದ ಹತ್ತಿಯನ್ನು ಒಳಮುಖ ಒದ್ದೆಯಾಗುವಷ್ಟು ಬಿಗಿಯಾಗಿ ತಳ್ಳಿ. ಐದಾರು ಸೆಂ.ಮೀ. ಜಾಗ ಬಿಟ್ಟು ರಾಣಿಯನ್ನು ಒಳಗೆ ಕಳಿಸಿ, ಬಾಯಿಗೆ ಒಣ ಹತ್ತಿ ಇಡಿ. ಮೇಲೆ ಕಪ್ಪು ಬಟ್ಟೆ ಸುತ್ತಿ. ವಾರಕ್ಕೊಮ್ಮೆಗಿಂತ ಹೆಚ್ಚು ಇಣುಕಬೇಡಿ. ಅಲುಗಾಟ, ಬೆಳಕು ಜಾಸ್ತಿಯಾದರೆ ರಾಣಿ ತನ್ನ ಮೊಟ್ಟೆಯನ್ನೇ ತಿಂದುಬಿಡುತ್ತದೆ.

ಮಲೆನಾಡಿನ ಮನೆಗಳಲ್ಲಿ ಕೆಡುವುದು ಬೇರೆ ಕಡೆ. ಜುಲೈ ಚಳಿಗೆ ಹೆದರಿ ಟ್ಯೂಬನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರೆ. ಬಿಸಿಗೆ ಹತ್ತಿಯ ಹಿಂದೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ನೀರನ್ನು ಈಚೆಗೆ ನೂಕುತ್ತದೆ, ರಾಣಿ ಮೊಟ್ಟೆ ಸಮೇತ ಮುಳುಗುತ್ತದೆ. ಅದಕ್ಕೇ ನೀರಿನ ಭಾಗದಲ್ಲಿ ಗುಳ್ಳೆ ಉಳಿಸಬೇಡಿ, ಟ್ಯೂಬನ್ನು ಬಿಸಿಲು ತಾಗದ ಒಳಕೋಣೆಯ ಗೋಡೆಗೂಡಿನಲ್ಲಿ ಇಡಿ. ಚಳಿಯಲ್ಲಿ ಬೆಳವಣಿಗೆ ನಿಧಾನ, ಅಷ್ಟೇ. ಅರಸೀಕೆರೆಯ ಸೆಖೆಯಲ್ಲಿ ಬೇಗ. ಹತ್ತಿ ಹಳದಿಯಾದರೆ ಗಾಬರಿ ಬೇಡ. ಮೊಟ್ಟೆಯ ಮೇಲೆಯೇ ಬೂಷ್ಟು ಹಬ್ಬಿದರೆ ಮಾತ್ರ ಹೊಸ ಟ್ಯೂಬನ್ನು ಬಾಯಿಗೆ ಬಾಯಿ ಜೋಡಿಸಿ, ಹಳೆಯದರ ಬಟ್ಟೆ ತೆಗೆಯಿರಿ. ಬೆಳಕು ತಾಳದೆ ತಾನೇ ದಾಟುತ್ತದೆ, ಚಿಮುಟದಿಂದ ಎಳೆಯಬೇಡಿ.

ಈ ಉಪವಾಸ ಎಲ್ಲ ಇರುವೆಗೂ ಒಗ್ಗುವುದಿಲ್ಲ. ನಮ್ಮ ಘಟ್ಟದ ಕಾಡಿನಲ್ಲಿರುವ, ಉದ್ದ ದವಡೆ, ದೊಡ್ಡ ಕಣ್ಣಿನ ನೆಗೆಯುವ ಇರುವೆಯ ರಾಣಿ ಶುರುವಿನಿಂದಲೂ ಹೊರಗೆ ಬೇಟೆಯಾಡಿಯೇ ಮರಿ ಸಾಕುತ್ತದೆ. ಅದನ್ನು ಮುಚ್ಚಿಟ್ಟರೆ ಹಸಿವಿನಿಂದ ಸಾಯುತ್ತದೆ. ಇನ್ನೊಂದು ವಿಶೇಷ: ಅದರ ಗೂಡಿನಲ್ಲಿ ರಾಣಿ ಸತ್ತರೆ ಕೆಲವು ಕೆಲಸಗಾರರೇ ಗಂಡಿನೊಡನೆ ಕೂಡಿ ಮೊಟ್ಟೆ ಇಡಲು ಶುರುಮಾಡುತ್ತವೆ. ಗೊದ್ದಕ್ಕೆ ಆ ದಾರಿಯಿಲ್ಲ, ರಾಣಿ ಹೋದರೆ ಗೂಡೂ ಹೋದಂತೆ.

ಮೊದಲ ಕೆಲಸಗಾರ ಹೊರಬಿದ್ದ ಮೇಲೆ ಸಾಸಿವೆಕಾಳಿನಷ್ಟು ಜೇನು-ನೀರು, ಆಗ ಕೊಂದ ಒಂದು ಸೊಳ್ಳೆ. ಔಷಧಿ ಹೊಡೆದ ಕಾಫಿ ತೋಟದ ಹುಳು ಮಾತ್ರ ಬೇಡ. ಉಳಿದ ಚೂರನ್ನು ಮಾರನೇ ದಿನ ತೆಗೆಯದಿದ್ದರೆ ಬೂಷ್ಟು ಅಲ್ಲಿಂದಲೇ ಶುರು.