ಚೆಕ್ ಶಿಶುವಿಹಾರಕ್ಕೆ ಸೇರಿಸುವ ಮುಂಚೆ ಮಗುವಿಗೆ ಏನು ಕಲಿಸಬೇಕು?

ಚೆಕ್ ದೇಶದ ಬ್ರ್ನೋ ನಗರಕ್ಕೆ ಹೊಸದಾಗಿ ಬರುವ ಕನ್ನಡದ ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. "ಅಕ್ಕಾ, ಎಬಿಸಿಡಿ, ನಂಬರ್ ಎಲ್ಲ ಬರುತ್ತೆ. ಚೆಕ್ ಮಾತ್ರ ಒಂದು ಪದವೂ ಗೊತ್ತಿಲ್ಲ. ಇನ್ನೇನು ಕಲಿಸಿ ಕಳಿಸಲಿ?"

ಬೂಟು ಹಾಕಿಕೊಳ್ಳೋದು ಕಲಿಸಿ ಅಂತೀನಿ.

ಇಲ್ಲಿನ ಶಿಶುವಿಹಾರಕ್ಕೆ ಶ್ಕೊಲ್ಕಾ ಅನ್ನುತ್ತಾರೆ. ಹೆಚ್ಚಾಗಿ 3ರಿಂದ 6 ವರ್ಷದ ಮಕ್ಕಳಿರುತ್ತಾರೆ. ಓದು ಬರಹ ಶುರುವಾಗೋದು ಒಂದನೇ ಕ್ಲಾಸಿನಲ್ಲೇ. ಇಲ್ಲಿ ಆಟ, ಹಾಡು, ಬಣ್ಣ. ಜೊತೆಗೆ ದಿನಾ ಹೊರಗೆ ಹೋಗಬೇಕು, ಚಳಿಗಾಲದಲ್ಲೂ. ಇಪ್ಪತ್ತು ಮಕ್ಕಳಿಗೂ ಟೀಚರೇ ಜಾಕೆಟ್, ಟೋಪಿ, ಗ್ಲೌಸ್, ಬೂಟು ಹಾಕುತ್ತಾ ಕೂತರೆ ಊಟದ ಹೊತ್ತಾಗಿಬಿಡುತ್ತೆ, ಅಲ್ವಾ?

ನಾವು ಪ್ರೀತಿಯಿಂದ ಬೂಟು ಹಾಕಿ, ತುತ್ತು ಕೊಟ್ಟು ಬೆಳೆಸುತ್ತೇವೆ. ನಾನೂ ಹಾಗೇ ಬೆಳೆಸಿದ್ದೆ. ಮೊದಲ ದಿನ ನನ್ನ ಮಗಳು ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು, ಯಾರಾದರೂ ಬಂದು ಹಾಕುತ್ತಾರೆ ಅಂತ. ಪಕ್ಕದ ಹುಡುಗ ಜಾಕೆಟ್ಟನ್ನು ನೆಲದ ಮೇಲೆ ಹರಡಿದ. ಬಗ್ಗಿ ಎರಡೂ ತೋಳಿನೊಳಗೆ ಕೈ ತೂರಿಸಿದ. ತಲೆ ಮೇಲಿಂದ ಹಿಂದಕ್ಕೆ ಎಸೆದುಕೊಂಡ, ಆಯ್ತು. ನಾವೂ ಮನೆಯಲ್ಲಿ ಅದನ್ನೇ ಅಭ್ಯಾಸ ಮಾಡಿದೆವು. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ನನ್ನ ಕೈ ತಳ್ಳಿ "ಯಾ ಸಮಾ" ಅಂದಳು. ನಾನೇ ಹಾಕ್ಕೋತೀನಿ ಅಂತ. ಯಾರೂ ಕಲಿಸದೆ ಅವಳ ಬಾಯಿಂದ ಬಂದ ಮೊದಲ ಚೆಕ್ ಮಾತು ಅದು. ನನಗೆ ಕಣ್ಣು ತುಂಬಿ ಬಂತು.

ಅದೇ ಕೋಣೆಯಲ್ಲಿ ಪ್ರತಿ ಮಗುವಿಗೂ ಒಂದು ಚಿತ್ರ ಕೊಡುತ್ತಾರೆ. ಜ್ನಾಚ್ಕಾ ಅಂತ ಅದಕ್ಕೆ ಹೆಸರು. ಓದಲು ಬಾರದ ಮಕ್ಕಳಿಗೆ ಅದೇ ಗುರುತು. ನಮ್ಮವಳಿಗೆ ಅಣಬೆ ಸಿಕ್ಕಿತು. ಅವಳ ಗೂಡಿನ ಮೇಲೂ ಅಣಬೆ, ಟವೆಲ್ ಕೊಕ್ಕೆಯ ಮೇಲೂ ಅಣಬೆ. ಭಾಷೆ ಗೊತ್ತಿಲ್ಲದ ಮಗುವಿಗೆ ಇದು ಎಷ್ಟು ದೊಡ್ಡ ಆಸರೆ! ಒಳಗೆ ಹಾಕುವ ಮೆತ್ತನೆ ಚಪ್ಪಲಿ, ಮಳೆ ಬೂಟು, ಒಂದು ಜೊತೆ ಬದಲಿ ಬಟ್ಟೆ, ನಿದ್ದೆಗೆ ಪೈಜಾಮ, ಇಷ್ಟನ್ನೂ ಹೆಸರು ಬರೆದು ಕಳಿಸಿ.

ಸಸ್ಯಾಹಾರಿಗಳು ಸೇರಿಸುವ ಮುಂಚೆಯೇ ಊಟದ ವಿಷಯ ಮಾತಾಡಿ. ದಿನಾ ಸೂಪ್ ಇರುತ್ತೆ. ಅದರಲ್ಲಿ ಮಾಂಸದ ತುಂಡು ಕಾಣದಿದ್ದರೂ ಮಾಂಸ ಬೇಯಿಸಿದ ನೀರು ಇರಬಹುದು. ಸಂಕೋಚ ಬೇಡ, ಕೇಳಿ.

ಸೆಪ್ಟೆಂಬರ್‌ಗೆ ಸೀಟು ಬೇಕಾದರೆ ಅರ್ಜಿ ಹಾಕೋದು ಆ ವರ್ಷದ ವಸಂತದಲ್ಲೇ. ಚಿಕ್ಕ ಮಕ್ಕಳಿಗೆ ಕಡ್ಡಾಯ ಲಸಿಕೆಗಳಾಗಿರಬೇಕು. ಹಾಗಾಗಿ ಊರಿನ ಲಸಿಕೆ ಕಾರ್ಡ್ ಮರೆಯದೆ ತನ್ನಿ, ಇಲ್ಲಿನ ಮಕ್ಕಳ ಡಾಕ್ಟರ್‌ಗೆ ತೋರಿಸಬೇಕು. ಆಗಸ್ಟ್ 31ರೊಳಗೆ 5 ತುಂಬಿದರೆ ಸೆಪ್ಟೆಂಬರ್‌ನಿಂದ ಶ್ಕೊಲ್ಕಾ ಕಡ್ಡಾಯ, 2017ರಿಂದ ಹೀಗಿದೆ. ಸರ್ಕಾರಿ ಶ್ಕೊಲ್ಕಾದಲ್ಲಿ ಆ ವರ್ಷ ಫೀಸ್ ಇಲ್ಲ, ಊಟಕ್ಕೆ ಮಾತ್ರ ಕೊಡಬೇಕು. ಆ ವಯಸ್ಸಿನ ವಿದೇಶಿ ಮಕ್ಕಳು ನಾಲ್ವರಾದರೂ ಇದ್ದರೆ ಉಚಿತ ಚೆಕ್ ಪಾಠವನ್ನೂ ನಡೆಸಬೇಕು. ಅದನ್ನೂ ವಿಚಾರಿಸಿ.

ಮನೆಯಲ್ಲಿ ಕನ್ನಡವನ್ನೇ ಮಾತಾಡಿ. ಚೆಕ್‌ನಲ್ಲಿ ಮೂರು ಪದ ಕಲಿಸಿ ಕಳಿಸಿ ಸಾಕು. ವೊದಾ ಅಂದರೆ ನೀರು. ಬೊಲೀ ಅಂದರೆ ನೋಯುತ್ತಿದೆ. ಚೂರತ್ ಅಂದರೆ ಒಂದಕ್ಕೆ ಹೋಗಬೇಕು.