ತಾರಸಿ ಮೇಲೆ ಮರುಭೂಮಿ ಇರುವೆ: ಆರನೇ ವಾರ

ಇರುವೆಯಂತೆ ತಾನೇ ದಾರಿ ಹಿಡಿದು ಗೂಡಿಗೆ ಮರಳಲಿ ಅಂತ ನಾನು ಕಟ್ಟುತ್ತಿರುವ ಪುಟ್ಟ ಗಾಡಿ ಈ ವಾರ ಮೊದಲ ಸಲ ಗೂಡಿನ ಹತ್ತಿರ ಬಂತು! ಗೂಡು ಅಂತ ಸೀಮೆಸುಣ್ಣದಲ್ಲಿ ಬರೆದ ವೃತ್ತದಿಂದ 34 ಸೆಂಟಿಮೀಟರ್ ಆಚೆ ನಿಂತಿತು. ಹೋದ ತಿಂಗಳು ಎರಡು ಮೀಟರ್ ದೂರದಲ್ಲಿ, ನೀರಿನ ಟ್ಯಾಂಕಿನ ಪಕ್ಕ ಹೋಗಿ ನಿಲ್ಲುತ್ತಿತ್ತು.

ಹೊಸಬರಿಗೆ ಎರಡು ಮಾತು. ನಾನು ನಕಲು ಮಾಡಲು ಹೊರಟಿರುವುದು ಟುನೀಶಿಯಾದ ಉಪ್ಪಿನ ಬಯಲಲ್ಲಿ ಬದುಕುವ ಕ್ಯಾಟಗ್ಲಿಫಿಸ್ ಫೋರ್ಟಿಸ್ ಎಂಬ ಇರುವೆಯನ್ನು. ನಮ್ಮ ಅಡುಗೆಮನೆ ಇರುವೆಗಳು ವಾಸನೆ ಹಿಡಿದು ಸಾಲಾಗಿ ಹೋಗುತ್ತವೆ. ಇದು ಒಂಟಿಯಾಗಿ ಹೊರಡುತ್ತದೆ. ಬಿಸಿಲಿಗೆ ಸತ್ತ ಹುಳ ಹುಡುಕುತ್ತಾ ಅಡ್ಡಾದಿಡ್ಡಿ ಸುತ್ತುತ್ತದೆ. ಸಿಕ್ಕಿದ್ದೇ ತಡ, ನೆಟ್ಟಗೆ ಮನೆಗೆ. ಈ ಇರುವೆಗಳ ಸಂಶೋಧಕ ರೂಡಿಗರ್ ವೇನರ್ ದಾಖಲಿಸಿದ ಒಂದು ಓಟದಲ್ಲಿ ಹೋಗುವಾಗಿನ ಸುತ್ತು 592 ಮೀಟರ್, ವಾಪಸ್ ಬಂದ ದಾರಿ ಸುಮಾರು 140 ಮೀಟರ್. ನಡೆದ ದಿಕ್ಕು, ದೂರ ಎರಡನ್ನೂ ಕೂಡಿಸುತ್ತಾ ಹೋಗುವುದರಿಂದ ಗೂಡು ಯಾವ ಕಡೆ, ಎಷ್ಟು ದೂರ ಎಂಬುದು ಅದಕ್ಕೆ ಯಾವಾಗಲೂ ಗೊತ್ತಿರುತ್ತದೆ.

ದೂರ ಅಳೆಯುವುದು ಸುಲಭವಾಗಿಯೇ ಆಯಿತು. 65 ಮಿಲಿಮೀಟರ್ ವ್ಯಾಸದ ಚಕ್ರ, ಅದರ ಜೊತೆ ತಿರುಗುವ 20 ತೂತಿನ ಬಿಲ್ಲೆ; ದಾಟಿದ ತೂತು ಎಣಿಸಿದರೆ ಆಯಿತು. ಒಂದು ತೂತಿಗೆ ಸುಮಾರು ಒಂದು ಸೆಂಟಿಮೀಟರ್. ಇರುವೆ ಹೆಜ್ಜೆಗಳಿಂದಲೇ ದೂರ ಅಳೆಯುತ್ತದೆ. 2006ರಲ್ಲಿ ವಿಟ್ಲಿಂಗರ್, ವೇನರ್ ಮತ್ತು ವೋಲ್ಫ್ ತೋರಿಸಿದ್ದು ಇದನ್ನೇ. ಗೂಡಿನಿಂದ 10 ಮೀಟರ್ ನಡೆದು ಬಂದ ಇರುವೆಗಳ ಕಾಲಿಗೆ ಹಂದಿಯ ಕೂದಲು ಅಂಟಿಸಿ ಮರಗಾಲು ಮಾಡಿದರು. ವಾಪಸ್ ಹೋಗುವಾಗ ಅವು ಗೂಡಿರಬೇಕಾದ ಜಾಗ ದಾಟಿ 15 ಮೀಟರ್ ತನಕ ಹೋಗಿ ಹುಡುಕತೊಡಗಿದವು. ನಾನೂ ಮಾಡಿ ನೋಡಿದೆ. 6 ಮೀಟರ್ ಹೋದ ಮೇಲೆ ಚಕ್ರಕ್ಕೆ ಫೋಮ್ ಶೀಟ್ ಸುತ್ತಿ 75 ಮಿಲಿಮೀಟರ್ ಮಾಡಿದೆ. ಲೆಕ್ಕದ ಪ್ರಕಾರ 6.92 ಮೀಟರ್ ಹೋಗಬೇಕು, 6.85ಕ್ಕೆ ನಿಂತಿತು. ಟೇಪು ಹಿಡಿದು ಅಳೆಯುವಾಗ ಎಷ್ಟು ಖುಷಿಯಾಯಿತು ಅಂದರೆ, ಮತ್ತೆ ಮೂರು ಸಲ ಸುಮ್ನೆ ಓಡಿಸಿದೆ.

ಕಾಡಿದ್ದು ದಿಕ್ಕು. ತಿರುಗುವಾಗ ಚಕ್ರ ಚೂರು ಜಾರುತ್ತದೆ. ಆರೇಳು ತಿರುವಿನಲ್ಲಿ 20 ಡಿಗ್ರಿ ತಪ್ಪು ಸೇರಿಕೊಂಡರೆ 6 ಮೀಟರ್ ಕೊನೆಗೆ ಎರಡು ಮೀಟರ್ ಆಚೆ ಇರುತ್ತೇವೆ. ದೂರದಲ್ಲಿ ನೂರಕ್ಕೆ ಎರಡು ತಪ್ಪಿದರೆ ಬರೀ 12 ಸೆಂಟಿಮೀಟರ್. ಹಾಗಾಗಿ ಇರುವೆ ಮಾಡುವಂತೆ ಆಕಾಶ ನೋಡಲೇಬೇಕಾಯಿತು.

ಸೂರ್ಯನ ಬೆಳಕು ಗಾಳಿಯಲ್ಲಿ ಚದುರುವಾಗ ಒಂದು ದಿಕ್ಕಿನಲ್ಲಿ ಜಾಸ್ತಿ ಕಂಪಿಸುತ್ತದೆ. ಇರುವೆಯ ಕಣ್ಣಿನ ಮೇಲಂಚಿಗೆ ಅದು ಕಾಣುತ್ತದೆ, ನಮಗೆ ಕಾಣಲ್ಲ. ಕೆಟ್ಟ ಕ್ಯಾಲ್ಕುಲೇಟರಿನ ಪರದೆಯಿಂದ ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಉಗುರಲ್ಲಿ ಮೆಲ್ಲಗೆ ಎಬ್ಬಿಸಿದೆ. ಅಂಟನ್ನು ಸ್ಪಿರಿಟ್‌ನಲ್ಲಿ ಒರೆಸಿ, 45 ಡಿಗ್ರಿ ಅಂತರದಲ್ಲಿ ನಾಲ್ಕು ಚೂರು ಕತ್ತರಿಸಿ, ನಾಲ್ಕು ಎಲ್‌ಡಿಆರ್ (ಬೆಳಕು ಎಷ್ಟಿದೆ ಅಂತ ಹೇಳುವ ಸೆನ್ಸರ್) ಮೇಲೆ ಕೂರಿಸಿದೆ. ನೆತ್ತಿ ಮೇಲಿನ ಆಕಾಶ ಮಾತ್ರ ಕಾಣಲಿ ಅಂತ ಸುತ್ತ ಕಪ್ಪು ಕಾಗದದ ಕೊಳವೆ. ನಾಲ್ಕು ಎಲ್‌ಡಿಆರ್‌ಗಳೂ ಒಂದೇ ತರ ಇರಲ್ಲ, ಆದ್ದರಿಂದ ಗಾಡಿಯನ್ನು ನಿಂತಲ್ಲೇ ಒಂದು ಸುತ್ತು ತಿರುಗಿಸಿ ಪ್ರತಿಯೊಂದರ ಹೆಚ್ಚು ಕಡಿಮೆ ಬರೆದುಕೊಂಡೆ.

ಮಂಗಳವಾರ ಮಧ್ಯಾಹ್ನ ಏನೂ ಸಿಗಲಿಲ್ಲ. ತಂತಿ, ಬೆಸುಗೆ, ಕೋಡ್ ಎಲ್ಲ ಎರಡು ಗಂಟೆ ಕೆದಕಿದೆ. ಆಮೇಲೆ ಹೊಳೆಯಿತು: ಈ ಕಂಪನ ಗಟ್ಟಿಯಾಗಿರುವುದು ಸೂರ್ಯನಿಂದ 90 ಡಿಗ್ರಿ ದೂರದಲ್ಲಿ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರುತ್ತಾನಲ್ವಾ? ಸಂಜೆ ಆರಕ್ಕೆ ಮತ್ತೆ ಇಟ್ಟೆ. ಗಾಡಿ ತಿರುಗಿಸಿದಂತೆ ಗ್ರಾಫಿನಲ್ಲಿ ನಾಲ್ಕೂ ಎಲ್‌ಡಿಆರ್‌ಗಳ ಗೆರೆಗಳು ಒಂದರ ಹಿಂದೆ ಒಂದು ಅಲೆಯಂತೆ ಏರಿಳಿದವು. ಆಕಾಶದಲ್ಲಿ ಅಂಥದ್ದೊಂದು ನಕ್ಷೆ ಇದೆ ಅಂತ ಓದಿದ್ದೆ, ನೋಡಿದ್ದು ಅವತ್ತೇ.

ಮೊದಲ ಓಟದಲ್ಲಿ ಗೂಡಿಗೆ ಸರಿಯಾಗಿ ಉಲ್ಟಾ ಹೊರಟು, ಅಮ್ಮ ಒಣಗಿಸಿದ್ದ ಸಂಡಿಗೆ ಬಟ್ಟೆ ಮೇಲೆ ಹತ್ತಿತು. ಈ ಬೆಳಕಿನಿಂದ ಗೆರೆ ಸಿಗುತ್ತದೆ, ಗೆರೆಯ ಯಾವ ತುದಿ ಅಂತ ಸಿಗಲ್ಲ. ಮುಂದೆ, ಹಿಂದೆ ಒಂದೊಂದು ಬರಿಯ ಎಲ್‌ಡಿಆರ್ ಹಾಕಿದೆ. ಸೂರ್ಯನಿರುವ ಕಡೆ ಬೆಳಕು ಜಾಸ್ತಿ. ಶನಿವಾರ ಸಂಜೆ 14 ಮೀಟರ್ ಸುತ್ತಿಸಿ ಬಿಟ್ಟಾಗ ಬಂದದ್ದೇ ಆ 34 ಸೆಂಟಿಮೀಟರ್.

ಇರುವೆಯೂ ಒಮ್ಮೊಮ್ಮೆ ಇಷ್ಟು ತಪ್ಪುತ್ತದೆ. ಆಗ ಗೂಡಿರಬೇಕಾದ ಜಾಗದ ಸುತ್ತ ಸಣ್ಣ ಸುತ್ತು ಹಾಕಿ, ಶುರುವಿಗೆ ಮರಳಿ, ಮತ್ತೆ ಇನ್ನೊಂದು ಕಡೆ ಸ್ವಲ್ಪ ದೊಡ್ಡ ಸುತ್ತು ಹಾಕುತ್ತದೆ. ಮುಂದಿನ ವಾರ ಆ ಹುಡುಕಾಟದ ಕೋಡ್ ಬರೆಯಬೇಕು. ವೃತ್ತದ ನಡುವೆ ಕಪ್ಪು ಟೇಪು ಅಂಟಿಸಿಯಾಗಿದೆ, ಗಾಡಿಯ ಹೊಟ್ಟೆ ಕೆಳಗೆ ಅದನ್ನು ಗುರುತಿಸುವ ಐಆರ್ (ಇನ್‌ಫ್ರಾರೆಡ್) ಸೆನ್ಸರ್ ಕೂರಿಸುವುದು ಬಾಕಿ.